ಮಾಂಗ್ ತೆರ್ಯೊ ಅವರ ಹನ್ನೆರಡು ಎಳೆ

ರುಫಿನಾ ಮಾಂಗ್ ತೆರ್ಯೊ ಅವರನ್ನು ಮೊದಲು ಕಂಡದ್ದು ಒಂದು ಬುಧವಾರ, ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ. ಗಂಡ ದೊಡ್ಡ ಕೆರೆಯಲ್ಲಿ ದೋಣಿ ಮಗುಚಿ ತೀರಿಕೊಂಡು ಅಂದಿಗೆ ಅರವತ್ತೆರಡು ದಿನ. ಮೈಮೇಲಿನ ಕರಿ ಬಟ್ಟೆ ಇನ್ನೂ ಬಿಟ್ಟಿರಲಿಲ್ಲ. ಲುಂಬಾನ್‌ನಲ್ಲಿ ಕಸೂತಿ ಹಾಕಿಕೊಂಡಿದ್ದವಳು, ಭತ್ತದ ಸಂಶೋಧನಾ ಕೇಂದ್ರದಲ್ಲಿ ಕೈ ಕೆಲಸಕ್ಕೆ ಹೆಂಗಸರು ಬೇಕಂತೆ ಎಂದು ಯಾರೋ ಹೇಳಿದ್ದಕ್ಕೆ ಎರಡು ಜೀಪ್ನಿ ಬದಲಿಸಿ ಬಂದಿದ್ದಳು.

ತಂತಿಬಲೆ ಹೊದಿಸಿದ ಮನೆಯೊಳಗೆ ಭತ್ತದ ಕುಂಡಗಳ ನಡುವೆ ಮೊಣಕಾಲೂರಿ ಕೂತಿದ್ದ ಒಬ್ಬರು, ಉಗುರಿನಷ್ಟು ಸಣ್ಣ ಕತ್ತರಿಯಿಂದ ಹೂವಿನಲ್ಲಿದ್ದ ತೆನೆಯ ಒಂದೊಂದೇ ಕಾಳಿನ ತುದಿ ಕತ್ತರಿಸುತ್ತಿದ್ದರು. ಭತ್ತಕ್ಕೆ ಹಾಲು ತುಂಬುವ ಮೊದಲೇ ಕತ್ತರಿ ಹಾಕುವವರನ್ನು ಅವಳು ಕಂಡೇ ಇರಲಿಲ್ಲ.

"ಅದೇನು ಪಾಪದ ಕೆಲಸ ಮಾಡ್ತಿದೀರ?" ಎಂದುಬಿಟ್ಟಳು.

ಅವರು ತಲೆ ಎತ್ತಲಿಲ್ಲ. "ಗಂಡು ತೆಗೀತಿದೀನಿ. ಒಳಗೆ ಆರು ಪರಾಗದ ಚೀಲ ಇರುತ್ತೆ. ಅದನ್ನ ತೆಗೆದ ಮೇಲೆ ನಮಗೆ ಬೇಕಾದ ಗಂಡಿನ ಪರಾಗ ಹಾಕ್ಬೇಕು."

ಪಕ್ಕದ ಸಾಲಿನಲ್ಲಿ ಕಾಗದದ ಚೀಲ ಕಟ್ಟುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಅವಳು ಚೋಲೆಂಗ್. "ಹೆದರಬೇಡಿ ಅಕ್ಕಾ, ಭತ್ತಕ್ಕೆ ಮಾತ್ರ. ನನ್ನ ಗಂಡನ್ನೂ ತಂದು ಕೂರಿಸ್ತೀನಿ ಅಂದ್ರೆ ಮಾಂಗ್ ತೆರ್ಯೊ ಒಪ್ಪಲ್ಲ."

ಮಾಂಗ್ ತೆರ್ಯೊ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. ಆಗ ಅವರಿಗೆ ನಲವತ್ತು. ಕತ್ತು ಉದ್ದ, ಅಂಗಿಯ ಜೇಬಿನಲ್ಲಿ ಮೂರು ಸೀಸದಕಡ್ಡಿ. ಒಂದು ಚೀಟಿಯ ಮೇಲೆ ಅಂಕಿ, ಅಕ್ಷರ ಬರೆದು ಅವಳ ಕೈಗಿಟ್ಟು, "ಇದನ್ನ ಇನ್ನೊಂದು ಚೀಟಿ ಮೇಲೆ ಬರಿ" ಎಂದರು.

ರುಫಿನಾ ಹಲಗೆಯ ಮೇಲೆ ಚೀಟಿಯಿಟ್ಟು, ಉಸಿರು ಬಿಗಿಹಿಡಿದು ಬರೆದಳು. ಅವರು ಎರಡನ್ನೂ ಜೊತೆಗಿಟ್ಟು ನೋಡಿದರು. ಭೂತಗನ್ನಡಿ ತಂದು ಮತ್ತೆ ನೋಡಿದರು.

"ಏನಂತ ಬರೆದಿದೆ, ಓದು."

"ಓದೋಕೆ ಬರಲ್ಲ. ಅಂಕಿ ಗೊತ್ತಾಗುತ್ತೆ, ಅಕ್ಷರ ಗೊತ್ತಾಗಲ್ಲ. ಎರಡನೇ ಕ್ಲಾಸಿಗೇ ಬಿಟ್ಟೆ."

"ಮತ್ತೆ ಬರೆದಿದೀಯಲ್ಲ?"

"ಬರೆದಿಲ್ಲ, ಹಾಕಿದೀನಿ. ಬಟ್ಟೆ ಮೇಲೆ ಹೂವು ಹಾಕೋ ಹಾಗೆ. ನಿಮ್ಮ ಮೂರನೇ ಗುರುತಿನ ಬಾಲ ಬಲಕ್ಕೆ ವಾಲಿತ್ತು, ನಾನೂ ವಾಲಿಸಿದೀನಿ."

"ಹಿಂದೆ ಇದ್ದವಳು ಹೈಸ್ಕೂಲು ಮುಗಿಸಿದ್ಲು" ಎಂದರು ಮಾಂಗ್ ತೆರ್ಯೊ. "ನನ್ನ ಅಂಕಿ ತಪ್ಪು ಅಂತ ಅವಳೇ ತಿದ್ದಿಬಿಡೋಳು. ನಾಳೆಯಿಂದ ಬಾ."

ಹಾಗೆ ಇಪ್ಪತ್ತು ವರ್ಷದ ಕೆಲಸ ಶುರುವಾಯಿತು.

ಮಾಂಗ್ ಎನ್ನುವುದು ಹಿರಿಯರನ್ನು ಗೌರವದಿಂದ ಕರೆಯುವ ಮಾತು; ಅವರ ಪೂರ್ತಿ ಹೆಸರು ಎಲ್ಯೂತೆರ್ಯೊ ಪಾಂಪ್ಲೋನಾ, ಡಾಕ್ಟರೂ ಅಲ್ಲ, ಆಫೀಸರೂ ಅಲ್ಲ. ಪೀಲಾ ಊರಿನವರು, ಅಪ್ಪ ಚರ್ಚಿನ ಗಂಟೆ ಹೊಡೆಯುತ್ತಿದ್ದರು. ಕೇಂದ್ರದಲ್ಲಿ ಅವರ ಕೆಲಸ ಮೈಕ್ರೋಸ್ಕೋಪಿನ ಮುಂದೆ ಕೂತು ಭತ್ತದ ಎಳೆ ಎಣಿಸುವುದು. ಡಾಕ್ಟರುಗಳು ಅದನ್ನು ವರ್ಣತಂತು ಎನ್ನುತ್ತಿದ್ದರು, ಮಾಂಗ್ ತೆರ್ಯೊ ರುಫಿನಾಳಿಗೆ ಹೇಳುವಾಗ ಎಳೆ ಎಂದೇ ಹೇಳುತ್ತಿದ್ದರು. ಒಂದು ಮಧ್ಯಾಹ್ನ, ಒಣಮೀನು ಅನ್ನ ಉಂಡು ಕೂತಿದ್ದಾಗ, ಅವಳ ಚೀಲದಿಂದ ಕಸೂತಿ ದಾರದ ಲಡಿಗಳನ್ನು ತೆಗೆದು ನೆಲದ ಮೇಲೆ ಜೋಡಿಸಿ ತೋರಿಸಿದ್ದರು.

"ಭತ್ತದೊಳಗೆ ಹನ್ನೆರಡು ಥರದ ಎಳೆ. ಒಂದೊಂದೂ ಜೋಡಿ, ಒಟ್ಟು ಇಪ್ಪತ್ತನಾಲ್ಕು. ಗಿಡದ ಗುಣ ಎಲ್ಲಾ ಈ ಎಳೆ ಮೇಲೆ ಗಂಟು ಹಾಕಿದ ಹಾಗೆ ಕೂತಿರುತ್ತೆ. ಅಂಟಕ್ಕಿ ಆಗೋ ಗುಣ ಒಂದರ ಮೇಲೆ, ಕೆಂಪಕ್ಕಿ ಆಗೋದು ಇನ್ನೊಂದರ ಮೇಲೆ. ಯಾವ ಗುಣ ಯಾವ ಎಳೆ ಮೇಲಿದೆ ಅಂತ ಕಂಡುಹಿಡೀಬೇಕಾದ್ರೆ ನನ್ನ ಹನ್ನೆರಡು ಪೊಟ್ಟಣ ಬೇಕು."

ಸಾವಿರದಲ್ಲೊಂದು ಗಿಡಕ್ಕೆ ಯಾವುದೋ ಒಂದು ಎಳೆ ಹೆಚ್ಚಿಗೆ ಬಂದು ಇಪ್ಪತ್ತೈದಾಗುತ್ತದೆ. ಯಾವ ಎಳೆ ಹೆಚ್ಚಾಯಿತೋ ಅದಕ್ಕೆ ತಕ್ಕ ಹಾಗೆ ಗಿಡದ ರೂಪವೇ ಬೇರೆ. ಅಂಥ ಗಿಡಗಳನ್ನು ಹುಡುಕಿ ಹುಡುಕಿ, ಹನ್ನೆರಡು ಎಳೆಗೂ ಒಂದೊಂದು ಸಂಸಾರದ ಬೀಜ ಕೂಡಿಸಿದವರು ಮಾಂಗ್ ತೆರ್ಯೊ. ಅದಕ್ಕೆ ಅವರೇ ಒಂದರಿಂದ ಹನ್ನೆರಡರವರೆಗೆ ಅಂಕಿ ಕೊಟ್ಟಿದ್ದರು. ಆ ಬೀಜ ಮೂವತ್ತೊಂದು ಊರಿಗೆ ಹೋಗುತ್ತಿತ್ತು. ಜಪಾನಿಗೆ, ತೈವಾನಿಗೆ, ಭಾರತಕ್ಕೆ, ಅಮೆರಿಕಕ್ಕೆ, ಆಫ್ರಿಕಾದ ತೀರಕ್ಕೆ. ಪ್ರತಿ ಪೊಟ್ಟಣದ ಮೇಲೂ ರುಫಿನಾಳ ಕೈಯ ಅಂಕಿ.

ಆ ಬೀಜ ಉಳಿಸಿಕೊಳ್ಳುವುದು ಸುಲಭವಲ್ಲ. ಇಪ್ಪತ್ತು ಕಾಳು ಬಿತ್ತಿದರೆ ಐದೋ ಆರೋ ಗಿಡದಲ್ಲಿ ಮಾತ್ರ ಆ ಹೆಚ್ಚಿನ ಎಳೆ ಇರುತ್ತದೆ. ಗದ್ದೆಯಲ್ಲಿ ಸಾಲು ನೋಡುತ್ತಾ ಹೋಗಿ ರೂಪ ಬೇರೆಯಿದ್ದ ಗಿಡಕ್ಕೆ ದಾರ ಕಟ್ಟುವುದು ರುಫಿನಾ, ಚೋಲೆಂಗ್ ಕೆಲಸ; ಅದರ ಬೇರಿನ ತುದಿ ತಂದು ಎಳೆ ಇಪ್ಪತ್ತೈದು ಇದೆಯೇ ಎಂದು ಎಣಿಸುವುದು ಮಾಂಗ್ ತೆರ್ಯೊ ಕೆಲಸ. ಮೊದಲ ನಾಲ್ಕೈದು ವರ್ಷ ಅವರೂ ಕೆಸರಿಗೆ ಇಳಿಯುತ್ತಿದ್ದರು. ಆಮೇಲೆ ಬೆನ್ನು ನೋವು ಬಂದು ಮೈಕ್ರೋಸ್ಕೋಪಿಗೇ ಅಂಟಿಕೊಂಡರು.

ಗದ್ದೆಯಲ್ಲಿ ಹೆಂಗಸರಿಗೆ ಅಂಕಿ ಬಾಯಿಗೆ ಬರುತ್ತಿರಲಿಲ್ಲ. ತಮ್ಮತಮ್ಮೊಳಗೆ ಹೆಸರಿಟ್ಟುಕೊಂಡಿದ್ದರು. ಎಲೆ ಮುದುಡಿಕೊಳ್ಳುವುದು ಸುರುಳಿ. ಹುಲ್ಲಿನ ಹಾಗೆ ಕವಲೊಡೆಯುವುದು ಕೆದರುಗೂದಲಿ. ಕಾಳಿಗೆ ಉದ್ದ ಮುಳ್ಳು ಬಿಡುವವಳು ಮೀಸೆಯವಳು. ಎಲೆಗಳನ್ನು ಮೈಗೆ ಅಪ್ಪಿಕೊಂಡು, ತೆನೆಯನ್ನು ಅರ್ಧವಷ್ಟೇ ಹೊರಗೆ ತೋರಿಸಿ ನೆಟ್ಟಗೆ ನಿಲ್ಲುವವಳು ಕನ್ಯಾಸ್ತ್ರೀ. ಈ ಹೆಸರುಗಳು ಮಾಂಗ್ ತೆರ್ಯೊ ಅವರ ಕಿವಿಗೆ ಬೀಳದ ಹಾಗೆ ನೋಡಿಕೊಂಡಿದ್ದರು. ಒಂದು ವಸ್ತುವಿಗೆ ಎರಡು ಹೆಸರು ಎಂದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಸಿಟ್ಟಿಗೆ ಕಾರಣವೂ ಇತ್ತು. ಈ ಕೇಂದ್ರ ಮೂರು ಎನ್ನುವ ಎಳೆಯನ್ನು ಜಪಾನಿನವರು ಇನ್ನೊಂದು ಅಂಕಿಯಿಂದ ಕರೆಯುತ್ತಿದ್ದರು, ಮತ್ತೊಂದು ದೇಶದವರು ಅಕ್ಷರದಿಂದ. ಗುಣಗಳ ಹೆಸರೂ ಹಾಗೆಯೇ. ಅಂಟಕ್ಕಿಯ ಗುಣ ಒಂದನೇ ಎಳೆಯ ಮೇಲಿದೆ ಎಂದು ಒಂದು ಕಾಗದ, ಆರನೇದರ ಮೇಲೆ ಎಂದು ಇನ್ನೊಂದು. "ಜಗತ್ತಿನ ಭತ್ತವೆಲ್ಲಾ ಒಂದೇ, ಹೆಸರು ಮಾತ್ರ ಸಾವಿರ" ಎಂದು ಗೊಣಗಿಕೊಂಡೇ ಇರುತ್ತಿದ್ದರು.

ಹಾಗಾಗಿ ಪಿನಾತೂಬೊ ಬೆಟ್ಟ ಸಿಡಿಯುವ ಹಿಂದಿನ ವರ್ಷ, ಹೊರದೇಶದವರೆಲ್ಲ ಬಂದು ನಮ್ಮ ಕೇಂದ್ರದಲ್ಲೇ ಸಭೆ ಸೇರಿ ಒಂದೇ ಅಂಕಿ ಗೊತ್ತುಮಾಡುತ್ತಾರಂತೆ ಎಂದಾಗ ಅವರಷ್ಟು ಖುಷಿಪಟ್ಟವರು ಇನ್ನೊಬ್ಬರಿಲ್ಲ. ಸಭೆಯಲ್ಲಿ ಅವರಿಗೆ ಚಿತ್ರ ತೋರಿಸುವ ಯಂತ್ರ ನಡೆಸುವ ಕೆಲಸ. ಬಾರೋಂಗ್ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದರು. ಐದನೇ ದಿನ ಬೀಜದ ಕೋಣೆಗೆ ಹಿಂದಿರುಗಿದವರ ಮುಖ ಸುಣ್ಣವಾಗಿತ್ತು.

"ಏನಾಯ್ತು ಮಾಂಗ್ ತೆರ್ಯೊ?"

"ಗೊತ್ತುಮಾಡಿದ್ರು. ಎಲ್ಲಕ್ಕಿಂತ ಉದ್ದದ ಎಳೆ ಒಂದು, ಗಿಡ್ಡದು ಹನ್ನೆರಡು. ಎಲ್ಲಾ ದೇಶಾನೂ ಒಪ್ತು."

"ಒಳ್ಳೇದಾಯ್ತಲ್ಲ?"

"ಒಳ್ಳೇದೇ. ನನ್ನ ಏಳು ಈಗ ಮೂರು. ನನ್ನ ಮೂರು ಈಗ ಹತ್ತು. ಹನ್ನೆರಡರಲ್ಲಿ ಒಂದೂ ತನ್ನ ಜಾಗದಲ್ಲಿ ಇಲ್ಲ, ರುಫಿನಾ."

ಚೋಲೆಂಗ್ ಸುಮ್ಮನಿರುವವಳಲ್ಲ. "ಮಕ್ಕಳನ್ನೆಲ್ಲಾ ಹೊಸ ಹೆಸರಿಡೋಕೆ ಮತ್ತೆ ಜ್ಞಾನಸ್ನಾನಕ್ಕೆ ಕರ್ಕೊಂಡು ಹೋಗ್ಬೇಕಾ ಹಾಗಾದ್ರೆ? ಹಬ್ಬದೂಟ ಯಾರು ಹಾಕಿಸ್ತಾರೆ?"

ಅಂದು ಮಾಂಗ್ ತೆರ್ಯೊ ನಗಲಿಲ್ಲ. ಮರುದಿನ ಗೋಡೆಗೆ ಒಂದು ಹಾಳೆ ಅಂಟಿಸಿದರು, ಎಡಕ್ಕೆ ಹಳೆಯ ಅಂಕಿ, ಬಲಕ್ಕೆ ಹೊಸದು. ಹೊಸ ಅಂಕಿಯ ಬೀಜ ಜನವರಿಯಲ್ಲಿ ಮೂವತ್ತೊಂದು ಊರಿಗೂ ಹೋಗಬೇಕು. ಕೋಣೆಯಲ್ಲಿ ನಾನೂರ ಎಂಬತ್ತಾರು ಪೊಟ್ಟಣ. ಪೊಟ್ಟಣದ ಮೇಲೆ ಎಳೆಯ ಅಂಕಿ, ವರ್ಷ, ಅಷ್ಟೇ, ಅದೂ ಸೀಸದಕಡ್ಡಿಯಲ್ಲಿ. ಶಾಯಿಯಾದರೆ ಥಂಡಿಗೆ ಹರಡುತ್ತದೆ, ಸೀಸ ಹರಡುವುದಿಲ್ಲ.

"ಹಳೇದನ್ನ ರಬ್ಬರಿನಿಂದ ಪೂರ್ತಿ ಅಳಿಸಿ ಹೊಸದು ಬರಿ" ಎಂದರು.

ರುಫಿನಾ ಅನುಮಾನಿಸಿದಳು. "ಹಳೇದಕ್ಕೆ ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸದು ಹಾಕ್ಲಾ? ಇಲ್ಲಾಂದ್ರೆ ಮುಗಿದ ಪೊಟ್ಟಣದ ಮೂಲೆಗೆ ಒಂದು ಚುಕ್ಕೆ?"

"ಬೇಡ. ಒಂದು ಪೊಟ್ಟಣದ ಮೇಲೆ ಎರಡು ಅಂಕಿ ಕಂಡ್ರೆ ಯಾರೋ ಒಬ್ಬ ತಪ್ಪು ಓದೇ ಓದ್ತಾನೆ. ಚುಕ್ಕೆಗೂ ಇನ್ಯಾರೋ ಅರ್ಥ ಕಟ್ತಾರೆ. ಒಂದಕ್ಕೆ ಒಂದೇ ಹೆಸರು."

ಅವಳು ಹೇಳಿದಂತೆ ಮಾಡಿದಳು. ಹಳೆಯ ತಗಡಿನ ಪೆಟ್ಟಿಗೆಯಿಂದ ತೆಗೆಯುವುದು, ಅಳಿಸುವುದು, ಬರೆಯುವುದು, ಹೊಸ ಪೆಟ್ಟಿಗೆಗೆ ಹಾಕುವುದು. ಜುಲೈ ಹದಿನಾರು, ಸೋಮವಾರ. ಸಂಜೆ ನಾಲ್ಕೂ ಇಪ್ಪತ್ತಾರಕ್ಕೆ ಅವಳ ಕೈಯಲ್ಲಿದ್ದದ್ದು ಇನ್ನೂರ ಹನ್ನೊಂದನೇ ಪೊಟ್ಟಣ. ನೆಲ ಮೊದಲು ಗುರುಗುಟ್ಟಿತು. ಆಮೇಲೆ ಕಾಲಡಿಯಿಂದ ಯಾರೋ ಚಾಪೆ ಎಳೆದ ಹಾಗಾಯಿತು.

"ಹೊರಗೆ! ಹೊರಗೆ!" ಎಂದು ಮಾಂಗ್ ತೆರ್ಯೊ ಕೂಗಿದ್ದು ಕೇಳಿತು. ಅವಳನ್ನು ತೋಳು ಹಿಡಿದು ಎಳೆದು ಹೊರಗೆ ತಂದವಳು ಚೋಲೆಂಗ್. ಅಂಗಳದ ತೆಂಗಿನ ಮರಗಳು ಗಾಳಿಯಿಲ್ಲದೆ ತೂಗುತ್ತಿದ್ದವು. ರುಫಿನಾ ಜಪಮಾಲೆಗೆ ಕೈ ಹಾಕಿದರೆ ಕೈಯಲ್ಲಿದ್ದದ್ದು ರಬ್ಬರು.

ಉತ್ತರದ ಊರುಗಳಲ್ಲಿ ಕಟ್ಟಡಗಳೇ ಕುಸಿದು ಎಷ್ಟೋ ಜನ ಸತ್ತರು ಎಂದು ರೇಡಿಯೋ ಹೇಳಿತು. ಇಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಬೀಜದ ಕೋಣೆಯಲ್ಲಿ ಕಪಾಟುಗಳು ಮಾತ್ರ ಮಗುಚಿ, ಹಳೆಯ ಪೆಟ್ಟಿಗೆ ಹೊಸ ಪೆಟ್ಟಿಗೆ ಎಲ್ಲವೂ ಬಾಯಿ ಬಿಟ್ಟುಕೊಂಡು, ಪೊಟ್ಟಣಗಳು ಸಿಮೆಂಟು ನೆಲದ ಮೇಲೆ ರಾಶಿ ಬಿದ್ದಿದ್ದವು. ಒಂದೂ ಒಡೆದಿರಲಿಲ್ಲ. "ದೇವರು ದೊಡ್ಡವನು" ಎಂದರು ಮಾಂಗ್ ತೆರ್ಯೊ. ರಬ್ಬರಿನ ಗುರುತು ಇದ್ದವು ಮುಗಿದವು, ಇಲ್ಲದವು ಬಾಕಿ ಎಂದು ಅವರೇ ಎರಡು ಗುಂಪು ಮಾಡಿಕೊಟ್ಟರು. ರುಫಿನಾ ಎರಡು ದಿನದಲ್ಲಿ ಬಾಕಿ ಗುಂಪನ್ನು ಮುಗಿಸಿದಳು.

ಮುಗಿಸಿ ಎಣಿಸಿದಳು. ಎಣಿಸದೆ ಏಳುವ ಅಭ್ಯಾಸ ಅವಳಿಗಿರಲಿಲ್ಲ. ಮತ್ತೆ ಎಣಿಸಿದಳು.

"ಮಾಂಗ್ ತೆರ್ಯೊ, ಹಳೇ ಮೂರರಲ್ಲಿ ನಲವತ್ತೆರಡು ಪೊಟ್ಟಣ ಇತ್ತು."

"ಹೂಂ."

"ಅವೆಲ್ಲಾ ಹೊಸ ಹತ್ತು ಆಗ್ಬೇಕು ತಾನೆ? ಹೊಸ ಹತ್ತರಲ್ಲಿ ಅರವತ್ತೊಂದಿದೆ."

ಮಾಂಗ್ ತೆರ್ಯೊ ಒಂದು ಗಳಿಗೆ ನಕ್ಕಂತೆ ಮಾಡಿದರು. ಆ ನಗು ಹಾಗೇ ಆರಿಹೋಯಿತು. ಗೋಡೆಯ ಹಾಳೆಯ ಮುಂದೆ ಹೋಗಿ ನಿಂತರು. ಏಳು ಮೂರಾಗಿತ್ತು. ಹಾಗೆ ಆಗಲೇ ಮೂರಾಗಿದ್ದ ಪೊಟ್ಟಣವನ್ನು, ಇನ್ನೂ ಹಳೆಯ ಮೂರೇ ಎಂದು ತಿಳಿದು ಮತ್ತೆ ಅಳಿಸಿ ಹತ್ತು ಮಾಡಲಾಗಿತ್ತು. ರಬ್ಬರಿನ ಗುರುತು ನಂಬುವ ಹಾಗಿರಲಿಲ್ಲ, ಏಕೆಂದರೆ ಕಾಗದ ಉಳಿಸಲೆಂದು ಹಳೆಯ ಪೊಟ್ಟಣಗಳನ್ನೇ ವರ್ಷ ಅಳಿಸಿ ಅಳಿಸಿ ಬಳಸಿದ್ದರಿಂದ ಬಾಕಿಯವುಗಳ ಮೇಲೂ ಗುರುತಿತ್ತು, ನಯವಾಗಿ ಅಳಿಸಿದ್ದ ಕೆಲವು ಮುಗಿದವುಗಳ ಮೇಲೆ ಗುರುತೇ ಉಳಿದಿರಲಿಲ್ಲ. ಯಾವುದು ಒಂದು ಸಲ ಹೆಸರು ಬದಲಿಸಿದ್ದು, ಯಾವುದು ಎರಡು ಸಲ, ಯಾವುದು ಬದಲಿಸದೇ ಇದ್ದದ್ದು, ಹೇಳಲು ಈಗ ಗುರುತೇ ಇರಲಿಲ್ಲ.

ಮಾಂಗ್ ತೆರ್ಯೊ ನೆಲದ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ರುಫಿನಾ ಯಾವತ್ತೂ ನೋಡಿರಲಿಲ್ಲ.

"ಚುಕ್ಕೆ ಬೇಡ ಅಂದೋನು ನಾನೇ" ಎಂದರು.

ಕೇಂದ್ರದ ಆ ವಿಭಾಗಕ್ಕೆ ಡಾಕ್ಟರ್ ಕಾತಿಂದಿಗ್ ಎಂಬ ಹೆಂಗಸು ಮುಖ್ಯಸ್ಥೆ. ಮಾತು ಕಡಿಮೆ, ಚಪ್ಪಲಿಯ ಸದ್ದು ಜಾಸ್ತಿ. ಎಲ್ಲ ಕೇಳಿಕೊಂಡು ಹೇಳಿದರು, "ಡಿಸೆಂಬರ್ ಕೊನೇವರೆಗೂ ಟೈಮು. ಅಷ್ಟರಲ್ಲಿ ಯಾವುದು ಯಾವುದು ಅಂತ ಗೊತ್ತಾಗದೇ ಇದ್ರೆ ಎಲ್ಲಾನೂ ಒಲೆಗೆ ಹಾಕ್ಬೇಕು, ಮಾಂಗ್ ತೆರ್ಯೊ. ಹೆಸರು ತಪ್ಪಿರೋ ಬೀಜ ಬೀಜವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಅದನ್ನ ನನಗೆ ಹೇಳಿಕೊಟ್ಟವರೇ ನೀವು."

ದಾರಿ ಒಂದೇ ಇತ್ತು. ಎಲ್ಲವನ್ನೂ ಬಿತ್ತಿ ಗಿಡ ನೋಡುವುದು. ಪೊಟ್ಟಣಕ್ಕೆ ಇಪ್ಪತ್ತು ಕಾಳಿನಂತೆ ಒಂಬತ್ತು ಸಾವಿರದ ಏಳುನೂರ ಇಪ್ಪತ್ತು ಕಾಳು. ಸಾಲಿನ ಗೂಟಕ್ಕೆ ಎಳೆಯ ಅಂಕಿ ಹಾಕದೆ ಬರೀ ಪೊಟ್ಟಣದ ಕ್ರಮಾಂಕ ಹಾಕಿದರು. ಆಗಸ್ಟಿನಲ್ಲಿ ಸಸಿ, ಸೆಪ್ಟೆಂಬರಿನಲ್ಲಿ ನಾಟಿ. ನವೆಂಬರು ಬರುವ ಹೊತ್ತಿಗೆ ತೆನೆ ಬಿಡತೊಡಗಿತು. ಮಾಂಗ್ ತೆರ್ಯೊ ಹದಿಮೂರು ವರ್ಷದ ನಂತರ ಕೆಸರಿಗೆ ಇಳಿದರು. ಮೊದಲ ಸಾಲಿನ ಮುಂದೆ ಹತ್ತು ನಿಮಿಷ ನಿಂತರು. ಬಗ್ಗಿ ಎಲೆ ಮುಟ್ಟಿದರು. ಗೂಟದ ಕಡೆ ಕೈ ಹೋಯಿತು. ಅಲ್ಲಿ ಅವರಿಗೆ ಬೇಕಾದ ಅಂಕಿ ಇರಲಿಲ್ಲ.

"ಇದು ನಾಲ್ಕಾ? ಒಂಬತ್ತಾ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

"ಸುರುಳಿ ಅಲ್ವಾ ಅದು" ಎಂದಳು ಚೋಲೆಂಗ್, ಬಾಯಿ ತಪ್ಪಿ.

"ಏನಂದೆ?"

ಚೋಲೆಂಗ್ ರುಫಿನಾಳ ಮುಖ ನೋಡಿದಳು. ರುಫಿನಾ ನೆಲ ನೋಡಿದಳು. ಕೊನೆಗೆ ಎಲ್ಲ ಹೇಳಬೇಕಾಯಿತು. ಮಾಂಗ್ ತೆರ್ಯೊ ಬೈಯುತ್ತಾರೆ ಎಂದುಕೊಂಡರೆ, ಅವರು ರುಫಿನಾಳ ಮುಖವನ್ನೇ ನೋಡುತ್ತಾ ನಿಂತರು.

"ಗೂಟ ನೋಡದೇ ಹೇಳ್ತೀಯಾ? ಒಂಬತ್ತು ಸಾವಿರ ಗಿಡದಲ್ಲಿ?"

"ಗೂಟ ನೋಡಿ ಯಾವತ್ತು ಹೇಳಿದೀನಿ?"

ಮರುದಿನ ಅವಳು ಮನೆಯಿಂದ ಹನ್ನೆರಡು ಬಣ್ಣದ ಕಸೂತಿ ದಾರದ ಲಡಿ ತಂದಳು. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಬೆಳಿಗ್ಗೆ ಆರರಿಂದ ಹತ್ತರವರೆಗೆ, ಬಿಸಿಲು ಇಳಿದ ಮೇಲೆ ಮೂರರಿಂದ ಐದರವರೆಗೆ. ಸಾಲಿನಲ್ಲಿ ರೂಪ ಬೇರೆಯಿದ್ದ ಗಿಡದ ಮುಂದೆ ನಿಂತು, ಹೆಸರು ಹೇಳಿ, ಆ ಬಣ್ಣದ ದಾರ ಕಟ್ಟಿ ಮುಂದಕ್ಕೆ. ಹಿಂದಿನಿಂದ ಮಾಂಗ್ ತೆರ್ಯೊ ಪುಸ್ತಕದಲ್ಲಿ ಬರೆಯುತ್ತಾ ಬರುವರು. ಪರೀಕ್ಷೆಗೆಂದು ಅಲ್ಲೊಂದು ಇಲ್ಲೊಂದು ಗಿಡ ಒಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮೂವತ್ತು ಗಿಡದಲ್ಲಿ ಮೂವತ್ತೂ ಸರಿಯಿತ್ತು. ಅವರ ಬೆನ್ನು ನೆಟ್ಟಗಾಯಿತು, ಸಿಳ್ಳೆ ಹಾಕತೊಡಗಿದರು. ಇಪ್ಪತ್ತಮೂರನೇ ದಿನ ಕೊನೆಯ ಸಾಲು ಮುಗಿಯಿತು.

ಬದುವಿನ ಮೇಲೆ ಕೂತು ಶುಂಠಿ ಕಷಾಯ ಕುಡಿಯುತ್ತಿದ್ದಾಗ ಮಾಂಗ್ ತೆರ್ಯೊ ಅವಳ ಬುಟ್ಟಿಯ ಕಡೆ ನೋಡಿದರು. ಹನ್ನೊಂದು ಲಡಿಗಳು ಸಣಕಲಾಗಿದ್ದವು. ಕೇಸರಿ ಬಣ್ಣದ್ದು ಅಂಗಡಿಯ ಕಾಗದದಲ್ಲೇ ಇತ್ತು.

"ಅದ್ಯಾರದು?"

"ಯಾರದೂ ಅಲ್ಲ. ನೀವು ಹನ್ನೆರಡು ತಾ ಅಂದ್ರಿ ಅಂತ ತಂದೆ. ಇರೋರು ಹನ್ನೊಂದೇ ಜನ."

"ಹನ್ನೆರಡು ರುಫಿನಾ."

"ಹನ್ನೊಂದು ಮಾಂಗ್ ತೆರ್ಯೊ." ಅವಳು ಬೆರಳು ಮಡಿಸಿ ಹನ್ನೊಂದು ಹೆಸರನ್ನೂ ಹೇಳಿದಳು. "ನಿಮ್ಮ ಹಳೇ ಎಂಟೂ ಕನ್ಯಾಸ್ತ್ರೀ, ಹಳೇ ಹನ್ನೊಂದೂ ಕನ್ಯಾಸ್ತ್ರೀ. ಹನ್ನೊಂದು ಒಂದು ಗೇಣು ಎತ್ತರ, ಅಷ್ಟೇ. ಅದು ಬೇರೆ ತಳಿ ಭತ್ತದಿಂದ ಬಂದದ್ದಲ್ವಾ, ಅದಕ್ಕೆ."

ಲೋಟ ಅವರ ಕೈಯಲ್ಲಿ ಅರ್ಧದಲ್ಲೇ ನಿಂತಿತು. "ಯಾವಾಗಿನಿಂದ?"

"ಮೊದಲಿನಿಂದ್ಲೂ."

"ಹದಿನೆಂಟು ವರ್ಷ!" ಎಂದರು. ದನಿ ಎಷ್ಟು ಕೆಳಗಿತ್ತೆಂದರೆ ಚೋಲೆಂಗ್‌ಗೆ ಕೇಳಿಸಲೇ ಇಲ್ಲ. "ಯಾಕೆ ಹೇಳ್ಲಿಲ್ಲ?"

"ಸಂತ ಜೋಸೆಫರಿಗೆ ವರ್ಷಕ್ಕೆ ಎರಡು ಹಬ್ಬ ಇಲ್ವಾ? ಹಾಗೇ ಒಬ್ಬಳಿಗೆ ಎರಡು ಅಂಕಿ ಇಟ್ಟಿದೀರ, ಏನೋ ಕಾರಣ ಇರ್ಬೇಕು ಅಂದ್ಕೊಂಡೆ. ನಿಮ್ಮ ಎಣಿಕೇನ ನಾನು ಪ್ರಶ್ನೆ ಮಾಡ್ಲಾ?"

ಹೇಳುತ್ತಾ ಹೇಳುತ್ತಾ ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ಅರ್ಥವಾಯಿತು. ಮೂವತ್ತೊಂದು ಊರು. ಎಲ್ಲ ಊರಿಗೂ ಎಂಟು ಎಂದು ಒಂದು ಪೊಟ್ಟಣ, ಹನ್ನೊಂದು ಎಂದು ಇನ್ನೊಂದು ಪೊಟ್ಟಣ, ಎರಡರಲ್ಲೂ ಒಂದೇ ಬೀಜ, ಎರಡರ ಮೇಲೂ ಅವಳದೇ ಕೈ.

ಮಾಂಗ್ ತೆರ್ಯೊ ಎತ್ತರದ್ದೊಂದು, ಗಿಡ್ಡದೊಂದು ಕನ್ಯಾಸ್ತ್ರೀ ಗಿಡ ಕಿತ್ತುಕೊಂಡು ಒಳಗೆ ಹೋದರು. ಆರು ದಿನ ಮೈಕ್ರೋಸ್ಕೋಪು ಬಿಟ್ಟು ಏಳಲಿಲ್ಲ. ರುಫಿನಾ ತಂದಿಟ್ಟ ಅನ್ನ ಹಾಗೇ ಇರುತ್ತಿತ್ತು. ಏಳನೇ ದಿನ ಅವಳನ್ನು ಕರೆದು, ಅವಳು ನೋಡಲಿ ಎಂದು ಕುರ್ಚಿ ಬಿಟ್ಟುಕೊಟ್ಟರು. ಅವಳಿಗೆ ಕಂಡದ್ದು ಮಸಿ ಬಿದ್ದ ದಾರದ ತುಂಡುಗಳು. ಆ ಕಡೆಯ ಗಾಜಿನಲ್ಲೂ ಅವೇ, ಈ ಕಡೆಯ ಗಾಜಿನಲ್ಲೂ ಅವೇ.

"ಒಂದೇ" ಎಂದರು. "ಹನ್ನೊಂದು ಸಿಕ್ಕಿತ್ತು, ಹನ್ನೆರಡನೇದೂ ಸಿಗಲೇಬೇಕು ಅಂತ ಕೂತಿದ್ದೆ. ಆವಾಗ ಈ ಗಿಡ ಬಂತು. ಬೇರೆ ಎಲ್ಲದಕ್ಕೂ ಹೆಸರಿದೆ, ಹಾಗಾದ್ರೆ ಇದು ಉಳಿದದ್ದೇ ಇರ್ಬೇಕು ಅಂದ್ಕೊಂಡೆ. ಒಂದು ಸಲ ಅಂಕಿ ಬರೆದ ಮೇಲೆ ಅಂಕೀನೇ ನೋಡಿದೆ, ಗಿಡ ನೋಡ್ಲಿಲ್ಲ."

ಡಾಕ್ಟರ್ ಕಾತಿಂದಿಗ್ ಕೋಣೆಗೆ ಅವರು ಹೋದಾಗ ರುಫಿನಾಳನ್ನೂ ಕರೆದೊಯ್ದರು. ಡಾಕ್ಟರು ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸಭೆಯ ಪುಸ್ತಕ ಅಚ್ಚಿಗೆ ಹೋಗಿದೆ. ಹನ್ನೆರಡೂ ನಮ್ಮಲ್ಲಿದೆ ಅಂತ ಅದರಲ್ಲಿದೆ." ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಆ ರಾಶೀನ ಎರಡು ಭಾಗ ಮಾಡಿ ಎರಡು ಅಂಕಿ ಹಾಕಿ ಕಳಿಸಿದ್ರೆ? ಹದಿನೆಂಟು ವರ್ಷ ಯಾರೂ ಕೇಳಿಲ್ಲ. ನಿಮಗೆ ಇನ್ನು ಎರಡು ವರ್ಷ ಸರ್ವೀಸು. ಹೂವಿನ ಹಾರ ಹಾಕಿಸ್ಕೊಂಡು ಮನೆಗೆ ಹೋಗಬಹುದು, ಮಾಂಗ್ ತೆರ್ಯೊ."

"ಇಷ್ಟು ದಿನ ಗೊತ್ತಿಲ್ಲದೇ ಕಳಿಸ್ದೆ, ಡಾಕ್ಟರ್. ಈಗ ಗೊತ್ತಿದ್ದು ಹೇಗೆ ಕಳಿಸ್ಲಿ? ಯಾರೋ ಒಬ್ಬ ಆ ಊರಲ್ಲಿ ಕೂತು, ಯಾವುದೋ ಗುಣ ಹನ್ನೊಂದರಲ್ಲಿ ಹುಡುಕ್ತಾ ಇರ್ತಾನೆ. ಅದು ಅಲ್ಲಿ ಇಲ್ಲ. ಅವನ ಆಯಸ್ಸೂ ಹೋಗುತ್ತೆ."

ಡಾಕ್ಟರು ಎದ್ದು ಹೋಗಿ ಹಾಕಿದ್ದ ಬಾಗಿಲು ತೆಗೆದರು. "ಬರೀರಿ. ಕೆಳಗೆ ನಿಮ್ಮ ಹೆಸರೊಂದೇ ಇರಲಿ."

ಮೂವತ್ತೊಂದು ಕಾಗದ ಹೋಯಿತು. ಒಳಗಿನದು ಮಾಂಗ್ ತೆರ್ಯೊ ಟೈಪು ಮಾಡಿದ್ದು: ಹಳೆಯ ಎಂಟು ಮತ್ತು ಹನ್ನೊಂದು ಒಂದೇ, ತಪ್ಪು ನನ್ನದು, ಹನ್ನೊಂದರ ಪೊಟ್ಟಣವನ್ನು ಬಿತ್ತದೆ ಸುಟ್ಟುಬಿಡಿ, ಸುಟ್ಟದ್ದಕ್ಕೆ ಒಂದು ಸಾಲು ಬರೆಯಿರಿ. ಲಕೋಟೆಯ ವಿಳಾಸ ರುಫಿನಾಳದು, ಒಂದೊಂದು ಅಕ್ಷರವನ್ನೂ ಹಳೆಯ ಪುಸ್ತಕ ನೋಡಿ ಹಾಕಿದ್ದು.

ಉತ್ತರಗಳು ಬರತೊಡಗಿದವು. ಜಪಾನಿನಿಂದ ಬಂದದ್ದನ್ನು ಓದಿ ಮಾಂಗ್ ತೆರ್ಯೊ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಚೋಲೆಂಗ್ ಪೀಡಿಸಿದ ಮೇಲೆ ಹೇಳಿದರು, "ಅವರಿಗೆ ಒಂಬತ್ತು ವರ್ಷದ ಹಿಂದೇನೇ ಗೊತ್ತಾಗಿತ್ತಂತೆ. ಹೇಳಿದ್ರೆ ನನಗೆ ಅವಮಾನ ಆಗುತ್ತೆ ಅಂತ ಪೊಟ್ಟಣ ಪಕ್ಕಕ್ಕಿಟ್ಟು ಸುಮ್ಮನಿದ್ರಂತೆ."

"ಎಂಥಾ ಮರ್ಯಾದಸ್ಥರಪ್ಪಾ!" ಎಂದಳು ಚೋಲೆಂಗ್. "ನನ್ನ ಅತ್ತೇನ ಅಲ್ಲಿಗೆ ಕಳಿಸ್ಬೇಕು, ಸ್ವಲ್ಪ ಕಲ್ಕೊಂಡು ಬರ್ಲಿ."

ಯಾರೂ ನಗಲಿಲ್ಲ. ಹನ್ನೊಂದು ಸಂಸಾರದ ಬೀಜ ಹೊಸ ಅಂಕಿ ಹೊತ್ತು ಜನವರಿ ಒಂಬತ್ತಕ್ಕೆ ಹೊರಟಿತು. ಹನ್ನೆರಡನೇದರ ಜಾಗದಲ್ಲಿ ಮಾಂಗ್ ತೆರ್ಯೊ ಒಂದು ಖಾಲಿ ಪೆಟ್ಟಿಗೆ ಇಟ್ಟು ಅಂಕಿ ಬರೆಸಿದರು. ಎರಡು ವರ್ಷ ಕಳೆದ ಮೇಲೆ ಅವರು ಕೆಲಸ ಬಿಟ್ಟು ಪೀಲಾಗೆ ಹೋದಾಗ ಹಾರವೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಡಾಕ್ಟರ್ ಕಾತಿಂದಿಗ್ ಮಾತ್ರ ಗೇಟಿನವರೆಗೆ ಬಂದು, ಹಿರಿಯರಿಗೆ ಮಾಡುವ ಹಾಗೆ ಅವರ ಕೈಯನ್ನು ಹಣೆಗೊತ್ತಿಕೊಂಡು ಹಿಂದಿರುಗಿದರು.

ಅದೇ ವರ್ಷದ ಕೊನೆಗೆ ಅವರಿಗೆ ಲಕ್ವ ಹೊಡೆಯಿತು. ರುಫಿನಾ ಭಾನುವಾರ ಪೂಜೆ ಮುಗಿಸಿಕೊಂಡು, ಬಾಳೆಲೆಯಲ್ಲಿ ಸುತ್ತಿದ ಎಮ್ಮೆಹಾಲಿನ ಗಿಣ್ಣು ಹಿಡಿದು ನೋಡಲು ಹೋದಳು. ಬಿದಿರಿನ ಮಂಚದ ಮೇಲೆ ಮಲಗಿದ್ದರು. ಬಲಗೈ ಆಡುತ್ತಿರಲಿಲ್ಲ, ಮಾತು ಒಂದೊಂದೇ ಬರುತ್ತಿತ್ತು. ಗಿಣ್ಣಿನ ಸಣ್ಣ ತುಂಡು ಮಾಡಿ ಬಾಯಿಗಿಟ್ಟಳು. ನುಂಗಿ, ಅವರು ಕೇಳಿದ್ದು ಕಾಗದಗಳ ವಿಷಯ.

"ಎಷ್ಟು?"

"ಮೂವತ್ತು ಬಂದಿದೆ. ಹೋದ ವಾರ ತೈವಾನಿನದು ಬಂತು."

"ಇನ್ನೊಂದು?"

"ಆಫ್ರಿಕಾ ತೀರದ್ದು. ಎರಡು ಸಲ ಮತ್ತೆ ಬರೆಸಿ ಕಳಿಸಿದೀನಿ. ಅಲ್ಲಿ ಯುದ್ಧ ನಡೀತಿದೆಯಂತೆ, ಪೋಸ್ಟು ಹೋಗಲ್ಲ ಅಂತ ಪೋಸ್ಟಿನವನು ಹೇಳ್ದ. ಅದನ್ನ ನೀವು ಬಿಟ್ಟುಬಿಡಿ ಮಾಂಗ್ ತೆರ್ಯೊ. ಮೂವತ್ತು ಕಡೆ ಸುಟ್ಟಾಯ್ತಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೆಂದು ರುಫಿನಾ ಎಲೆ ಮಡಿಸಿ ಏಳಲು ಹೋದಳು. ಆಡುತ್ತಿದ್ದ ಎಡಗೈ ಅವಳ ಮುಂಗೈ ಹಿಡಿಯಿತು. ಕಣ್ಣು ಪೂರ್ತಿ ತೆರೆದಿತ್ತು. ಅಂದು ಅಂಗಳದಲ್ಲಿ ನೆಲ ನಡುಗುತ್ತಿದ್ದಾಗಲೂ ಆ ಕಣ್ಣಲ್ಲಿ ಅವಳು ಅಷ್ಟು ಹೆದರಿಕೆ ನೋಡಿರಲಿಲ್ಲ.

"ರುಫಿನಾ," ಎಂದರು, "ಅವರು ಆ ಹನ್ನೊಂದನ್ನ ಬಿತ್ತಿರ್ತಾರಾ?"